ನೊರೆಗೊಂದು ದಾರಿ ಬಿಡಿ

ಮನೆಯಲ್ಲಿ ಬಿಯರ್ ಮಾಡುವವರ ನೆಲಮಾಳಿಗೆಗೆ ಹೋದರೆ ಮೊದಲು ತಲೆ ಎತ್ತಿ ಚಾವಣಿ ನೋಡಬೇಕು. ಅಲ್ಲಿ ಕಂದು ಬಣ್ಣದ ದೊಡ್ಡದೊಂದು ಕಲೆ, ಅದರ ಸುತ್ತ ಸಿಡಿದ ಹನಿಗಳ ಗುರುತು ಕಂಡರೆ ಆ ಮನೆಯಲ್ಲಿ ಏನಾಗಿತ್ತು ಎಂದು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಈಸ್ಟ್ ಹಾಕಿ, ಮುಚ್ಚಳ ಬಿಗಿದು, ಕೆಲಸ ಮುಗಿಯಿತೆಂದು ಮಲಗಿದ್ದಾರೆ. ಎರಡನೆಯ ದಿನವೋ ಮೂರನೆಯ ದಿನವೋ ನಡುರಾತ್ರಿಯಲ್ಲಿ ಢಬ್ ಎಂದು ಮುಚ್ಚಳ ಹಾರಿದೆ. ಹಾಪ್ಸ್ ಹೂವಿನ ಚೂರು, ಈಸ್ಟ್, ಸಿಹಿನೀರು ಎಲ್ಲ ಸೇರಿದ ಅಂಟು ನೊರೆ ಚಾವಣಿಗೆ ಬಡಿದು, ಗೋಡೆಗುಂಟ ಇಳಿದು, ಕಾರ್ಪೆಟ್ಟಿನೊಳಗೆ ಸೇರಿಕೊಂಡಿದೆ. ಒಣಗಿದ ಮೇಲೆ ಅದನ್ನು ಕೆರೆದು ತೆಗೆಯುವ ಪಾಡು ಯಾರಿಗೂ ಬೇಡ.

ಹೀಗಾದವರು ಬೆಳಿಗ್ಗೆ ಎದ್ದು ಮೊದಲು ನೊರೆಯನ್ನು ಬೈಯುತ್ತಾರೆ. ಮುಂದಿನ ಸಲ ನೊರೆಯೇ ಬಾರದಂತೆ ಏನು ಮಾಡಬೇಕು ಎಂದು ಕಂಡಕಂಡವರನ್ನು ಕೇಳುತ್ತಾರೆ. ಕೇಳಬೇಕಾದ್ದು ಅದಲ್ಲ ಎಂಬುದು ನನ್ನ ವಾದ. ನೊರೆ ಎದ್ದಿತೆಂದರೆ ಈಸ್ಟ್ ಜೀವಂತವಾಗಿದೆ, ಚೆನ್ನಾಗಿ ತಿಂದು ಬೆಳೆಯುತ್ತಿದೆ ಎಂದರ್ಥ. ನೊರೆ ಚಾವಣಿಗೆ ಹಾರಿದ್ದು ಅದಕ್ಕೆ ಹೊರಗೆ ಹೋಗಲು ದಾರಿ ಇಲ್ಲದ್ದರಿಂದ. ಅಷ್ಟೊಂದು ರಭಸ ಬಂದದ್ದು, ಹತ್ತರಲ್ಲಿ ಎಂಟು ಸಲವಾದರೂ, ಒಳಗೆ ಶಾಖ ಏರಿದ್ದರಿಂದ. ಜಾಗ, ದಾರಿ, ತಂಪು ಈ ಮೂರನ್ನು ನೋಡಿಕೊಂಡರೆ ನೊರೆ ತಾನಾಗಿ ಎದ್ದು ತಾನಾಗಿ ಇಳಿಯುತ್ತದೆ.

ಇದು ಇಲ್ಲಿ ಮಾಡಿ ನೋಡುವ ಪ್ರಯೋಗವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಕರ್ನಾಟಕದ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಬಿಯರಿಗೂ ಅದರಲ್ಲಿ ವಿನಾಯಿತಿ ಇಲ್ಲ. ಆದರೆ ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿರುವ ನಮ್ಮ ಹುಡುಗ ಹುಡುಗಿಯರಲ್ಲಿ ಈ ಹವ್ಯಾಸ ಹಿಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಬ್ರಿಟನ್ನಿನಲ್ಲಿ ಮನೆಬಿಯರಿಗೆ ಲೈಸೆನ್ಸ್ ಬೇಕೆಂಬ ನಿಯಮ 1963ರಲ್ಲಿ ಹೋಯಿತು. ಅಮೆರಿಕದಲ್ಲಿ ಪಾನನಿರೋಧ ಮುಗಿದು ದಶಕಗಳು ಕಳೆದರೂ ಮನೆಬಿಯರಿಗೆ ಕೇಂದ್ರದ ಒಪ್ಪಿಗೆ ಇರಲಿಲ್ಲ. 1978ರ ಅಕ್ಟೋಬರಿನಲ್ಲಿ ಜಿಮ್ಮಿ ಕಾರ್ಟರ್ ಮಸೂದೆಗೆ ಸಹಿ ಹಾಕಿದರು. ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆ 200 ಗ್ಯಾಲನ್, ಅಂದರೆ ಸುಮಾರು 760 ಲೀಟರ್, ಸ್ವಂತಕ್ಕೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ರಾಜ್ಯಗಳೆಲ್ಲ ಕೂಡಲೇ ಒಪ್ಪಲಿಲ್ಲ. ಅಲಬಾಮಾ, ಮಿಸಿಸಿಪ್ಪಿಗಳು ಒಪ್ಪುವ ಹೊತ್ತಿಗೆ 2013 ಬಂದಿತ್ತು.

ಇನ್ನು ನೊರೆಯ ವಿಷಯ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ನುಚ್ಚು ಮಾಡಿ, 65 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಗಂಟೆ ಹೊತ್ತು ಇಟ್ಟರೆ ಅದರ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಸೋಸಿದ ಸಿಹಿನೀರಿಗೆ ವರ್ಟ್ ಎನ್ನುತ್ತಾರೆ. ಅದನ್ನು ಹಾಪ್ಸ್ ಹಾಕಿ ಕುದಿಸಿ, ತಣಿಸಿ, ಈಸ್ಟ್ ಬೆರೆಸಿ ಇಡುವುದು. ಮೊದಲ ಆರೆಂಟು ಗಂಟೆ, ಕೆಲವು ಸಲ ಇಡೀ ದಿನ, ಏನೂ ಆಗದು. ಈಸ್ಟ್ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಕೊಂಡು ಮರಿ ಹಾಕುವ ಸಿದ್ಧತೆಯಲ್ಲಿರುತ್ತದೆ. ಆಮೇಲೆ ಸಕ್ಕರೆಗೆ ಬಾಯಿ ಹಾಕುತ್ತದೆ. ಸಕ್ಕರೆ ಒಡೆದು ಅರ್ಧ ಆಲ್ಕೊಹಾಲ್, ಅರ್ಧ ಇಂಗಾಲದ ಡೈಆಕ್ಸೈಡ್. ತೂಕದಲ್ಲಿ ನಿಜವಾಗಿಯೂ ಹೆಚ್ಚುಕಡಿಮೆ ಅರ್ಧರ್ಧವೇ: 180 ಗ್ರಾಂ ಗ್ಲೂಕೋಸಿಗೆ 92 ಗ್ರಾಂ ಆಲ್ಕೊಹಾಲ್, 88 ಗ್ರಾಂ ಅನಿಲ.

88 ಗ್ರಾಂ ಎಂದರೆ ಏನು ಮಹಾ ಎನಿಸಬಹುದು. ಅನಿಲವನ್ನು ತೂಕದಲ್ಲಿ ನೋಡದೆ ಗಾತ್ರದಲ್ಲಿ ನೋಡಿದಾಗ ಗಾಬರಿಯಾಗುತ್ತದೆ. ಐದು ಪರ್ಸೆಂಟಿನ ಸಾಧಾರಣ ಬಿಯರ್ 20 ಲೀಟರ್ ಮಾಡಿದರೆ ಹೊರಬರುವ ಅನಿಲ 400 ಲೀಟರಿಗೂ ಹೆಚ್ಚು. ಅದರಲ್ಲಿ ಬಹುಪಾಲು ಮೊದಲ ಮೂರು ದಿನಗಳಲ್ಲೇ ಬರುತ್ತದೆ. ಬಕೆಟ್ಟಿನಲ್ಲಿ ಮೇಲೆ ಬಿಟ್ಟಿರುವ ಖಾಲಿ ಜಾಗ ನಾಲ್ಕೈದು ಲೀಟರ್. ಈ ಲೆಕ್ಕ ಒಮ್ಮೆ ತಲೆಗೆ ಹೊಕ್ಕರೆ ಮುಚ್ಚಳವನ್ನು ಇನ್ನೂ ಬಿಗಿಯಾಗಿ ಒತ್ತಿಬಿಡೋಣ ಎಂಬ ಯೋಚನೆ ಮತ್ತೆ ಸುಳಿಯದು.

ಬರಿಯ ಅನಿಲವಾದರೆ ಸೋಡಾ ಬಾಟಲಿಯಲ್ಲಿ ಆದಂತೆ ಗುಳ್ಳೆ ಮೇಲೆ ಬಂದು ಒಡೆದುಹೋಗುತ್ತಿತ್ತು. ಬಿಯರಿನ ಗುಳ್ಳೆ ಒಡೆಯದೆ ಒಂದರ ಮೇಲೊಂದು ಪೇರಿಸಿಕೊಳ್ಳುತ್ತದೆ. ದೋಸೆ ಹಿಟ್ಟು ರಾತ್ರಿಯಿಡೀ ಹುದುಗಿ ಬೆಳಿಗ್ಗೆ ಪಾತ್ರೆಯಿಂದ ಹೊರಗೆ ಇಣುಕುವುದೂ ಇದೇ ಕಾರಣಕ್ಕೆ. ಅಲ್ಲಿ ಅನಿಲ ಬಿಡುವುದು ಬ್ಯಾಕ್ಟೀರಿಯ, ಅದನ್ನು ಹಿಡಿದಿಡುವುದು ಉದ್ದಿನ ಲೋಳೆ. ಬರಿ ಅಕ್ಕಿ ರುಬ್ಬಿಟ್ಟರೆ ಹುಳಿ ಬಂದೀತು, ಉಬ್ಬದು. ಬಿಯರಿನಲ್ಲಿ ಉದ್ದಿನ ಕೆಲಸವನ್ನು ಬಾರ್ಲಿಯ ಪ್ರೋಟೀನೂ ಹಾಪ್ಸಿನ ಕಹಿಯೂ ಸೇರಿ ಮಾಡುತ್ತವೆ. ಪ್ರೋಟೀನಿನ ನೀರೊಲ್ಲದ ಭಾಗ ಗುಳ್ಳೆಯೊಳಗಿನ ಅನಿಲದ ಕಡೆಗೆ ಮುಖ ಮಾಡಿ ನಿಲ್ಲುತ್ತದೆ. ಕುದಿಸಿದಾಗ ಹಾಪ್ಸಿನಿಂದ ಬಿಟ್ಟ ಕಹಿ ಆಮ್ಲಗಳು ಆ ಪದರವನ್ನು ಹೆಣೆದು ಗಟ್ಟಿಮಾಡುತ್ತವೆ. ಏಲ್ ಜಾತಿಯ ಈಸ್ಟಿನ ಕಣಗಳೂ ಗುಳ್ಳೆಗೆ ಅಂಟಿಕೊಂಡು ಮೇಲಕ್ಕೆ ತೇಲುತ್ತವೆ. ಲಾಗರ್ ಈಸ್ಟ್ ತಂಪಿನಲ್ಲಿ ನಿಧಾನವಾಗಿ, ತಳ ಹಿಡಿದು ಕೆಲಸ ಮಾಡುವಂಥದ್ದು, ಅದರ ಕಾಟ ಕಡಿಮೆ.

ಗೋಧಿ ಬೆರೆಸಿದ ಬಿಯರಿನಲ್ಲಿ ಪ್ರೋಟೀನ್ ಹೆಚ್ಚು. ಬವೇರಿಯಾದ ಹೆಫೆವೈಜನ್ ಈಸ್ಟಂತೂ ಮೇಲೇರುವುದಕ್ಕೇ ಹುಟ್ಟಿದ್ದು. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಬಾಳೆಹಣ್ಣು, ಲವಂಗದ ಪರಿಮಳವಿರುವ ಗೋಧಿ ಬಿಯರ್ ಕುಡಿದು ಮೆಚ್ಚಿದವರು ಹೊರದೇಶಕ್ಕೆ ಹೋದಮೇಲೆ ಮೊದಲು ಮಾಡಹೊರಡುವುದು ಅದನ್ನೇ. ಹಾಗಾಗಿ ಮೊದಲ ಬಿಯರಿಗೇ ಎಲ್ಲಕ್ಕಿಂತ ಜೋರಾದ ನೊರೆಗೆ ಸಿಕ್ಕಿಹಾಕಿಕೊಳ್ಳುತ್ತಾರೆ.

ನನ್ನ ಸೋದರಳಿಯನೊಬ್ಬ ಅಮೆರಿಕದ ಒಹಾಯೊದಲ್ಲಿದ್ದಾನೆ. ಅವನಿಗೆ ಬೆಳಿಗ್ಗೆ, ನಮಗೆ ಸಂಜೆ ಕಾಫಿಯ ಹೊತ್ತು. ಫೋನು ಬಂತು.

"ಮಾವ, ನಿನ್ನೆ ರಾತ್ರಿಯೆಲ್ಲ ಗುಳುಗುಳು ಅಂತ ಒಂದೇ ಸಮ ಸದ್ದು. ಈಗ ನೋಡಿದರೆ ಏನೂ ಇಲ್ಲ. ಎರಡೇ ದಿನಕ್ಕೆ ಮುಗಿದುಹೋಯ್ತಾ?"

"ಮುಚ್ಚಳ ಹೇಗಿದೆ ನೋಡು."

"ನಡುವೆ ಉಬ್ಬಿದೆ. ಏರ್‌ಲಾಕ್ ಒಳಗೆ ಕಂದು ಬಣ್ಣದ್ದೇನೋ ತುಂಬಿಕೊಂಡಿದೆ."

"ಮುಗಿದಿಲ್ಲ ಕಣೋ, ಕಟ್ಟಿಕೊಂಡಿದೆ. ಮುಖ ಆ ಕಡೆ ತಿರುಗಿಸಿಕೊ. ಮುಚ್ಚಳದ ಮೇಲೆ ಒದ್ದೆ ಟವೆಲ್ ಹಾಕು. ಏರ್‌ಲಾಕ್ ಕೀಳೋಕೆ ಹೋಗಬೇಡ, ಮುಚ್ಚಳದ ಒಂದೇ ಒಂದು ಅಂಚನ್ನ ಮೆಲ್ಲಗೆ ಎತ್ತು."

ಆ ಕಡೆಯಿಂದ ಬುಸ್ಸೆಂಬ ಸದ್ದು ನನಗೂ ಕೇಳಿಸಿತು. ಆಮೇಲೆ ಸ್ವಲ್ಪ ಹೊತ್ತು ಮೌನ. "ಟವೆಲ್ ಹೋಯ್ತು ಮಾವ, ಗೋಡೆ ಉಳೀತು" ಎಂದ. ವಿಚಾರಿಸಿದರೆ, 25 ಲೀಟರಿನ ಬಕೆಟ್ಟಿಗೆ 23 ಲೀಟರ್ ತುಂಬಿಸಿದ್ದ. ಅದೂ ಗೋಧಿ ಬಿಯರ್. ಇಟ್ಟದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ, ವಾಟರ್ ಹೀಟರಿನ ಪಕ್ಕಕ್ಕೆ. ಬಕೆಟ್ಟಿಗೆ ಅಂಟಿಸಿದ ಥರ್ಮಾಮೀಟರ್ ಪಟ್ಟಿ 27 ಡಿಗ್ರಿ ತೋರಿಸುತ್ತಿತ್ತು. ಜಾಗ, ದಾರಿ, ತಂಪು ಮೂರರಲ್ಲಿ ಒಂದೂ ಇರಲಿಲ್ಲ.

ಏರ್‌ಲಾಕ್ ಎಂಬುದು ಸಣ್ಣ ಪ್ಲಾಸ್ಟಿಕ್ ಕೊಳವೆ. ಒಳಗೆ ಎರಡು ಚಮಚೆ ನೀರಿರುತ್ತದೆ. ಅನಿಲ ನೀರಿನ ಮೂಲಕ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬಾರದು. ಸರಳವಾದ, ಜಾಣ ಸಾಧನ. ಆದರೆ ಅದನ್ನು ಮಾಡಿರುವುದು ಅನಿಲ ಹೋಗುವುದಕ್ಕೆ, ನೊರೆ ಹೋಗುವುದಕ್ಕಲ್ಲ. ಅದರ ಕಾಂಡದ ರಂಧ್ರ ಪೆನ್ಸಿಲಿನಷ್ಟು ದಪ್ಪವೂ ಇರದು. ಕೆಲವದರಲ್ಲಿ ರಂಧ್ರದ ತುದಿಗೆ ಅಡ್ಡಪಟ್ಟಿ ಬೇರೆ. ಹಾಪ್ಸಿನ ಒಂದು ಎಸಳು ಬಂದು ಅಲ್ಲಿ ಕೂತರೆ ಸಾಕು. ಗುಳುಗುಳು ನಿಂತಾಗ ಹುದುಗುವುದೇ ನಿಂತಿತೆಂದು ಹೊಸಬರು ತಿಳಿಯುತ್ತಾರೆ. ಎರಡನೆಯ ದಿನ ಸದ್ದು ಏಕಾಏಕಿ ನಿಂತರೆ ಒಳಗೆ ಒತ್ತಡ ಕಟ್ಟುತ್ತಿದೆ ಎಂದು ತಿಳಿಯುವುದು ಒಳ್ಳೆಯದು.

ಪ್ಲಾಸ್ಟಿಕ್ ಬಕೆಟ್ ಆದರೆ ಮುಚ್ಚಳ ಹಾರಿ ಬಟ್ಟೆಬರೆ ಹಾಳಾದೀತು, ಅಷ್ಟೇ. ದೊಡ್ಡ ಗಾಜಿನ ಬಾಟಲಿಗಳಾದ ಕಾರ್ಬಾಯ್‌ಗಳ ಕಥೆ ಬೇರೆ. ಒತ್ತಡ ತಡೆಯಲೆಂದು ಮಾಡಿದ ಗಾಜಲ್ಲ ಅದು. ರಬ್ಬರ್ ಬಿರಡೆಯನ್ನು ಒತ್ತಿ ತುರುಕಿ, ರಂಧ್ರ ಕಟ್ಟಿಕೊಂಡರೆ ಬಿರಡೆ ಹಾರಬೇಕು ಇಲ್ಲವೇ ಗಾಜು ಒಡೆಯಬೇಕು. 20 ಲೀಟರ್ ತುಂಬಿದ ಗಾಜು ಒಡೆದರೆ ಆಗುವುದು ಗಾಯದ ಮಾತು. ಗಾಜಿನ ಪಾತ್ರೆಯಲ್ಲಿ ಬಣ್ಣ ಚೆಂದ ಕಾಣುತ್ತದೆ, ನೊರೆ ಹೊರಳುವುದನ್ನು ನೋಡುತ್ತ ಕೂರಬಹುದು, ಎಲ್ಲ ಸರಿ. ಆದರೂ ಹೊಸಬರಿಗೆ ನಾನು ಬಕೆಟ್ಟನ್ನೇ ಹೇಳುತ್ತೇನೆ. 20 ಲೀಟರ್ ಬಿಯರಿಗೆ 30 ಲೀಟರಿನ ಬಕೆಟ್. ಕಾಲು ಭಾಗವಾದರೂ ಖಾಲಿ ಇರಲಿ, ಗೋಧಿ ಬಿಯರಿಗೋ ಏಳೆಂಟು ಪರ್ಸೆಂಟಿನ ಗಟ್ಟಿ ಬಿಯರಿಗೋ ಮೂರನೇ ಒಂದು ಭಾಗ. ಖಾಲಿ ಜಾಗದಲ್ಲಿ ಗಾಳಿ ಇದ್ದು ಬಿಯರ್ ಕೆಟ್ಟೀತೆಂಬ ಭಯ ಬೇಡ. ಏಳುವ ಅನಿಲ ಒಂದೆರಡು ದಿನದಲ್ಲಿ ಆ ಗಾಳಿಯನ್ನೆಲ್ಲ ಹೊರಗೆ ತಳ್ಳಿಬಿಡುತ್ತದೆ.

ಮೊದಲ ನಾಲ್ಕು ದಿನ ಏರ್‌ಲಾಕನ್ನು ಡ್ರಾಯರಿನಲ್ಲೇ ಇಟ್ಟುಬಿಡಿ. ಅದರ ಬದಲು ದಪ್ಪ ಪೈಪು ಹಾಕಿ. ಬಳಸುವವರು ಇದನ್ನು ಬ್ಲೋ-ಆಫ್ ಪೈಪ್ ಎನ್ನುತ್ತಾರೆ. ಒಂದು ತುದಿ ಮುಚ್ಚಳದಲ್ಲಿ, ಇನ್ನೊಂದು ತುದಿ ಪಕ್ಕದ ಜಾಡಿಯ ನೀರಿನಲ್ಲಿ. ಅನಿಲವೂ ಹೋಗಲಿ, ನೊರೆಯೂ ಹೋಗಲಿ. ಪೈಪಿನ ಒಳವ್ಯಾಸ ಅರ್ಧ ಇಂಚಿಗೆ ಕಡಿಮೆ ಇರಕೂಡದು, ಕಾರ್ಬಾಯ್ ಆದರೆ ಅದರ ಕುತ್ತಿಗೆಗೆ ನೇರ ಕೂರುವ ಒಂದು ಇಂಚಿನ ಪೈಪೇ ಇದೆ. ಪೈಪು ಗಿಡ್ಡವಿರಲಿ. ಮುಚ್ಚಳದಿಂದ ಹೊರಟದ್ದು ಸೀದಾ ಜಾಡಿಗೆ ಇಳಿಯುವಂತಿರಲಿ, ನಡುವೆ ಜೋತುಬಿದ್ದರೆ ಅಲ್ಲಿ ನೊರೆ ನಿಂತು ಒಣಗುತ್ತದೆ. ತುದಿ ನೀರಿನೊಳಗೆ ಒಂದಿಂಚು ಮುಳುಗಿದರೆ ಸಾಕು, ಆಳಕ್ಕೆ ಇಳಿಸಿದಷ್ಟೂ ಅನಿಲ ಅಷ್ಟು ನೀರನ್ನು ತಳ್ಳಿಕೊಂಡು ಹೊರಬರಬೇಕು. ಜಾಡಿ ದೊಡ್ಡದಿರಲಿ, ಕಾಲು ಭಾಗ ಮಾತ್ರ ತುಂಬಿರಲಿ, ಏಕೆಂದರೆ ಒಂದೆರಡು ಲೀಟರ್ ನೊರೆ ಅಲ್ಲಿಗೆ ಬಂದು ಬೀಳಬಹುದು.

ಜಾಡಿಯನ್ನು ಬಕೆಟ್ಟಿಗಿಂತ ತಗ್ಗಿನಲ್ಲಿ, ಸಾಧ್ಯವಾದರೆ ನೆಲದ ಮೇಲೆ ಇಡುವುದಕ್ಕೆ ಕಾರಣವಿದೆ. ನೊರೆ ಇಳಿದ ಮೇಲೆ ರಾತ್ರಿ ಚಳಿ ಬಿದ್ದರೆ ಒಳಗಿನ ಅನಿಲ ಕುಗ್ಗಿ ಜಾಡಿಯ ನೀರನ್ನು ಮೇಲಕ್ಕೆ ಸೆಳೆಯುತ್ತದೆ. ಎತ್ತರ ಹೆಚ್ಚಿದ್ದರೆ ನೀರು ಅರ್ಧ ದಾರಿ ಬಂದು ನಿಲ್ಲುತ್ತದೆ. ಜಾಡಿಯಲ್ಲಿ ನಲ್ಲಿ ನೀರಿನ ಬದಲು ಸ್ಯಾನಿಟೈಸರ್ ಬೆರೆಸಿದ ನೀರು ಹಾಕುವುದೂ ಇದಕ್ಕೇ, ಒಂದೆರಡು ಗುಟುಕು ಒಳಗೆ ಹೋದರೂ ಬಿಯರ್ ಕೆಡಬಾರದು. ಬಿಯರನ್ನು ತಿಳಿಯಾಗಿಸಲು ಬೇಕೆಂದೇ ಫ್ರಿಜ್ಜಿನಲ್ಲಿಟ್ಟು ತಣಿಸುವವರು ಅದಕ್ಕೆ ಮುಂಚೆ ಪೈಪನ್ನು ನೀರಿನಿಂದ ತೆಗೆಯಲೇಬೇಕು.

ಇಷ್ಟೆಲ್ಲ ಮಾಡಿಯೂ ಮುಚ್ಚಳ ಹಾರಿತು ಅನ್ನಿ. ಬಿಯರನ್ನು ಚೆಲ್ಲಬೇಡಿ. ಆ ಹೊತ್ತಿನಲ್ಲಿ ಒಳಗಿನಿಂದ ಅನಿಲ ಎಷ್ಟು ಜೋರಾಗಿ ಹೊರಗೆ ಹರಿಯುತ್ತಿರುತ್ತದೆ ಎಂದರೆ ಧೂಳು ಒಳಗೆ ಬೀಳುವುದೇ ಕಷ್ಟ. ಅಂಚು ಒರೆಸಿ, ಸ್ಯಾನಿಟೈಸರಿನಲ್ಲಿ ಅದ್ದಿದ ಮುಚ್ಚಳ ಸಡಿಲವಾಗಿ ಮುಚ್ಚಿ, ಪೈಪು ಹಾಕಿದರಾಯಿತು. ಏನೂ ಸಿಗದಿದ್ದರೆ ಅಲ್ಯುಮಿನಿಯಂ ಫಾಯಿಲನ್ನು ಹಗುರವಾಗಿ ಹೊದಿಸಿದರೂ ಆ ರಾತ್ರಿ ಕಳೆಯುತ್ತದೆ. ಸಡಿಲ ಮುಚ್ಚಳ ಹೊಸದೇನಲ್ಲ. ಕ್ರಿಸ್‌ಮಸ್‌ಗೆ ಮಂಗಳೂರಿನ ಮನೆಗಳಲ್ಲಿ ದ್ರಾಕ್ಷಿ ವೈನ್ ಹಾಕುವ ಅಜ್ಜಿಯರು ಭರಣಿಯನ್ನು ಕಂಠಮಟ್ಟ ತುಂಬಿಸುವುದಿಲ್ಲ, ಬಾಯಿಗೆ ಬಟ್ಟೆ ಕಟ್ಟುತ್ತಾರೆಯೇ ಹೊರತು ಬಿರಡೆ ಜಡಿಯುವುದಿಲ್ಲ.

ದಾರಿಗಿಂತ ಶಾಖ ಮುಖ್ಯ ಎಂದು ನಾನು ಹೇಳುವುದುಂಟು. ಪೈಪು ಹಾಕಿದರೆ ಗೋಡೆ ಉಳಿಯುತ್ತದೆ, ಶಾಖ ಹಿಡಿದರೆ ಬಿಯರ್ ಉಳಿಯುತ್ತದೆ. ಹುದುಗುವಾಗ ಸಕ್ಕರೆಯ ಶಕ್ತಿಯೆಲ್ಲ ಆಲ್ಕೊಹಾಲಿಗೆ ಹೋಗುವುದಿಲ್ಲ, ಒಂದಿಷ್ಟು ಬಿಸಿಯಾಗಿ ಹೊರಬೀಳುತ್ತದೆ. 20 ಲೀಟರ್ ಬಿಯರಿನಲ್ಲಿ ಹುಟ್ಟುವ ಬಿಸಿಯೆಲ್ಲ ಹೊರಗೆ ಹೋಗದೆ ಒಳಗೇ ಉಳಿದರೆ ಶಾಖ 10 ಡಿಗ್ರಿಗೂ ಮೇಲೆ ಏರುವಷ್ಟಿರುತ್ತದೆ. ಬಕೆಟ್ಟಿನ ಗೋಡೆಯಿಂದ ಒಂದಷ್ಟು ಹೋಗುತ್ತದೆ ನಿಜ. ಹಾಗಿದ್ದೂ ಜೋರು ನಡೆಯುವಾಗ ಬಿಯರು ಕೋಣೆಗಿಂತ ಮೂರರಿಂದ ಐದು ಡಿಗ್ರಿ ಬಿಸಿ ಇರುತ್ತದೆ. ಕೋಣೆ 22 ಎಂದು ನೆಮ್ಮದಿಯಾಗಿದ್ದರೆ ಈಸ್ಟ್ ಇರುವುದು 26ರಲ್ಲಿ. ಶಾಖ ಏರಿದಷ್ಟೂ ಈಸ್ಟ್ ಚುರುಕಾಗುತ್ತದೆ, ಚುರುಕಾದಷ್ಟೂ ಶಾಖ ಏರುತ್ತದೆ. ಅದು ಒಂದನ್ನೊಂದು ಎಬ್ಬಿಸುವ ಜಗಳ.

ಸಾಮಾನ್ಯ ಏಲ್ ಈಸ್ಟಿಗೆ ಹಿತವಾದದ್ದು 18ರಿಂದ 20 ಡಿಗ್ರಿ. 25 ದಾಟಿತೆಂದರೆ ಈಸ್ಟ್ ಅವಸರಕ್ಕೆ ಬಿದ್ದು ಘಾಟು ಆಲ್ಕೊಹಾಲುಗಳನ್ನು ಮಾಡುತ್ತದೆ. ಕುಡಿದರೆ ಗಂಟಲಲ್ಲಿ ಉರಿ, ಮೂಗಿಗೆ ಪೇಂಟ್ ತೆಳ್ಳಗಾಗಿಸುವ ದ್ರವದ ವಾಸನೆ. ಹೀಗೆ ಸೇರಿದ ಘಾಟು ತಿಂಗಳುಗಟ್ಟಲೆ ಇಟ್ಟರೂ ಪೂರ್ತಿ ಹೋಗದು. ಬಿಯರಿನ ರುಚಿಯಲ್ಲಿ ಈಸ್ಟ್ ಕೊಡುವ ಪಾಲು ಬಹುತೇಕ ತೀರ್ಮಾನವಾಗುವುದು ಮೊದಲ ಮೂರು ದಿನಗಳಲ್ಲೇ. ಕುದಿಸಿದ ದಿನ ಅವಸರ ಮಾಡಿ 28 ಡಿಗ್ರಿಯಲ್ಲೇ ಈಸ್ಟ್ ಹಾಕಿ, ಆಮೇಲೆ ತಂಪಾದೀತೆಂದು ಬಿಡುವುದೇ ಅತಿರಭಸಕ್ಕೆ ಮೂಲ. ಮೊದಲು 17ಕ್ಕೋ 18ಕ್ಕೋ ತಣಿಸಿ, ಆಮೇಲೆ ಈಸ್ಟ್. ತಾನಾಗಿ 20ಕ್ಕೆ ಏರುವುದಾದರೆ ಏರಲಿ.

ತಣಿಸಲು ದುಬಾರಿ ಯಂತ್ರ ಬೇಕಿಲ್ಲ. ದೊಡ್ಡ ಟಬ್ಬಿನಲ್ಲಿ ಬಕೆಟ್ ಇಟ್ಟು, ಅರ್ಧ ಮಟ್ಟಕ್ಕೆ ನೀರು ಹಾಕಿ. ಬಕೆಟ್ಟಿಗೆ ಹಳೆಯ ಟೀ ಶರ್ಟ್ ತೊಡಿಸಿ ಅದರ ಅಂಚು ನೀರಿಗೆ ತಾಗುವಂತೆ ಬಿಡಿ, ಬಟ್ಟೆ ನೀರನ್ನು ಮೇಲಕ್ಕೆಳೆದು ಆರಿಸುತ್ತ ಇರುತ್ತದೆ. ಎದುರಿಗೊಂದು ಫ್ಯಾನ್. ಬೆಳಿಗ್ಗೆ ಒಂದು, ಸಂಜೆ ಒಂದು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಟಬ್ಬಿಗೆ ಹಾಕಿದರೆ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಅರಿಜೋನದಂಥ ಒಣ ಹವೆಯಲ್ಲಿ ಒದ್ದೆ ಬಟ್ಟೆಯೊಂದೇ ಸಾಕು. ಹ್ಯೂಸ್ಟನ್ನಿನಂಥ ತೇವದ ಊರಿನಲ್ಲಿ ಬಟ್ಟೆ ಆರುವುದೇ ಇಲ್ಲ, ಅಲ್ಲಿ ಮಂಜುಗಡ್ಡೆಯ ಬಾಟಲಿಯೇ ಗತಿ. ತಣಿಸುವ ಯಾವ ದಾರಿಯೂ ಇಲ್ಲದವರಿಗೆ ನಾರ್ವೆಯ ಹಳ್ಳಿಮನೆಗಳ ಕ್ವೈಕ್ ಎಂಬ ಈಸ್ಟ್ ಇದೆ. ಅದು 35 ಡಿಗ್ರಿಯಲ್ಲೂ ಘಾಟಿಲ್ಲದೆ ಹುದುಗಿಸುತ್ತದೆ. ನೊರೆ ಮಾತ್ರ ಆಗಲೂ ಬರುತ್ತದೆ, ಇನ್ನೂ ಬೇಗ ಬರುತ್ತದೆ.

ನೊರೆಯನ್ನು ಕಂಡು ಹೆದರುವವರಿಗೆ ನಾನು ಬರ್ಟನ್ ಊರಿನ ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಟ್ರೆಂಟ್ ನದಿಯ ಮೇಲಿನ ಈ ಊರಿನ ಬಾವಿ ನೀರಿನಲ್ಲಿ ಜಿಪ್ಸಂ ಹೆಚ್ಚು. ಹಾಪ್ಸಿನ ಕಹಿ ಅದರಲ್ಲಿ ಚೊಕ್ಕವಾಗಿ ಎದ್ದು ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಲ್‌ಸಪ್, ಬಾಸ್ ಕಂಪನಿಗಳು ಇಲ್ಲಿಂದಲೇ ಹಡಗು ತುಂಬಿಸಿ ಇಂಡಿಯಾಕ್ಕೆ ತಿಳಿಬಣ್ಣದ ಕಹಿ ಏಲ್ ಕಳಿಸುತ್ತಿದ್ದವು. ಇಂದು ಜಗತ್ತಿನ ಬಿಯರ್ ಅಂಗಡಿಗಳಲ್ಲೆಲ್ಲ ಐಪಿಎ ಎಂದು ಕರೆಸಿಕೊಳ್ಳುವ ಇಂಡಿಯಾ ಪೇಲ್ ಏಲ್ ಹೆಸರು ಮಾಡಿದ್ದು ಹೀಗೆ. ತಿಳಿ ಬಣ್ಣದ ಬಿಯರಿನಲ್ಲಿ ಈಸ್ಟ್ ಉಳಿದರೆ ಕದಡಿ ಕಾಣುತ್ತದೆ. ಬರ್ಟನ್ನಿನ ಈಸ್ಟೋ ವಿಪರೀತ ನೊರೆಯದು. ಈ ಎರಡು ತೊಂದರೆಯನ್ನೂ ಅವರು ಒಂದೇ ಏಟಿಗೆ ಬಗೆಹರಿಸಿದರು.

1838ರಲ್ಲಿ ಪೀಟರ್ ವಾಕರ್ ಎಂಬವನು ಪೇಟೆಂಟ್ ಪಡೆದ ಆ ಏರ್ಪಾಡಿಗೆ ಬರ್ಟನ್ ಯೂನಿಯನ್ ಎಂದು ಹೆಸರು. ಸಾಲಾಗಿ ಮಲಗಿಸಿದ ಓಕ್ ಮರದ ಪೀಪಾಯಿಗಳು. ಪ್ರತಿಯೊಂದರ ನೆತ್ತಿಯಿಂದ ಮೇಲಕ್ಕೆ ಹೊರಟು ಬಾಗಿದ ಕೊಳವೆ. ಮೇಲೆ ಉದ್ದಕ್ಕೆ ಒಂದು ತೊಟ್ಟಿ. ಹುದುಗು ಜೋರಾದಾಗ ನೊರೆ ಕೊಳವೆಯಲ್ಲಿ ಹತ್ತಿ ತೊಟ್ಟಿಗೆ ಬೀಳುತ್ತದೆ. ಅಲ್ಲಿ ಈಸ್ಟ್ ಹಿಂದೆ ಉಳಿದು, ಬಿಯರ್ ಮಾತ್ರ ಇಳಿಜಾರಿನಲ್ಲಿ ಹರಿದು ಮತ್ತೆ ಪೀಪಾಯಿಗಳಿಗೆ ಸೇರುತ್ತದೆ. ನೊರೆಯನ್ನು ತಡೆಯಲಿಲ್ಲ, ಅದರ ಕೈಯಲ್ಲೇ ಬಿಯರನ್ನು ಸೋಸಿಸಿದರು. ಒಹಾಯೊದ ಬಕೆಟ್ಟಿಗೆ ಹಾಕುವ ಬ್ಲೋ-ಆಫ್ ಪೈಪ್ ಈ ಕೊಳವೆಯದೇ ಬಡ ಸಂಬಂಧಿ. ಅಲ್ಲಿ ಚೆಲ್ಲಿಹೋದ ಬಿಯರ್ ವಾಪಸು ಬರುವುದಿಲ್ಲ, ವ್ಯತ್ಯಾಸ ಅಷ್ಟೇ. ಯಾರ್ಕ್‌ಷೈರಿನವರು ಇದೇ ಕೆಲಸಕ್ಕೆ ಎರಡು ಅಂತಸ್ತಿನ ಚೌಕ ಕಲ್ಲುತೊಟ್ಟಿ ಕಟ್ಟಿದರು, ಕೆಳಗಿನಿಂದ ಉಕ್ಕಿದ ನೊರೆ ನಡುವಿನ ಕಿಂಡಿಯಿಂದ ಮೇಲಂತಸ್ತಿಗೆ ಬಂದು ಈಸ್ಟ್ ಬಿಟ್ಟುಹೋಗುತ್ತದೆ. ಟ್ಯಾಡ್‌ಕ್ಯಾಸ್ಟರಿನ ಸ್ಯಾಮ್ಯುಯೆಲ್ ಸ್ಮಿತ್ ಕಂಪನಿ ಈಗಲೂ ಕಲ್ಲುತೊಟ್ಟಿಗಳನ್ನು ಬಳಸುತ್ತದೆ.

ಹೀಗೆ ಹೊರಬಂದ ಈಸ್ಟಿಗೂ ಬೆಲೆ ಇತ್ತು. 1902ರಲ್ಲಿ ಬರ್ಟನ್ನಿನಲ್ಲಿ ಶುರುವಾದ ಮಾರ್ಮೈಟ್ ಕಾರ್ಖಾನೆಗೆ ಈಸ್ಟ್ ಬರುತ್ತಿದ್ದದ್ದು ಬಾಸ್ ಕಂಪನಿಯಿಂದ. ಬ್ರಿಟಿಷರು ಬೆಳಿಗ್ಗೆ ಬ್ರೆಡ್ಡಿಗೆ ಸವರಿಕೊಳ್ಳುವ ಆ ಕಪ್ಪು ಉಪ್ಪುಪ್ಪು ಲೇಹ್ಯ ಬಿಯರಿನ ಈಸ್ಟಿನಿಂದ ಆದದ್ದು. ಬಾಸ್ 1980ರ ದಶಕದಲ್ಲಿ ಯೂನಿಯನ್ ಕೈಬಿಟ್ಟಿತು. ಕೊನೆಗೆ ಉಳಿದದ್ದು ಮಾರ್ಸ್ಟನ್ಸ್ ಒಂದೇ, ಅದೂ 2024ರಲ್ಲಿ ನಿಲ್ಲಿಸಿತು. ಬ್ರೂಕ್ಲಿನ್ ಬ್ರೂವರಿಯ ಗ್ಯಾರೆಟ್ ಆಲಿವರ್ ನಡುವೆ ಬಂದು ಮಾತಾಡಿದ್ದರಿಂದ ಒಂದು ಸೆಟ್ ಡರ್ಬಿಷೈರಿನ ಥಾರ್ನ್‌ಬ್ರಿಜ್ ಬ್ರೂವರಿಗೆ ಹೋಯಿತು, ಅಲ್ಲಿ ಮತ್ತೆ ಕೆಲಸ ಮಾಡುತ್ತಿದೆ. ಮರದ ಪೀಪಾಯಿ ರಿಪೇರಿ ಮಾಡುವುದು ಖರ್ಚಿನ ಬಾಬತ್ತು. ಕಂಪನಿಗಳ ಲೆಕ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ನೊರೆಯನ್ನು ಮುರಿಯುವ ಔಷಧವೂ ಇದೆ. ಹೊಟ್ಟೆಯುಬ್ಬರಕ್ಕೆ ವೈದ್ಯರು ಬರೆದುಕೊಡುವ, ಎಳೆಗೂಸುಗಳಿಗೆ ಹನಿ ಲೆಕ್ಕದಲ್ಲಿ ಹಾಕುವ ಸಿಮೆಥಿಕೋನನ್ನೇ ಬಿಯರಿನವರು ಬೇರೆ ಹೆಸರಿನಲ್ಲಿ ಮಾರುತ್ತಾರೆ. ಸಿಲಿಕೋನ್ ಎಣ್ಣೆಯ ಈ ಸಣ್ಣ ಹನಿಗಳು ಗುಳ್ಳೆಯ ಪದರದೊಳಗೆ ತೂರಿ ಅದನ್ನು ಹರಿಯುತ್ತವೆ. 20 ಲೀಟರಿಗೆ ಹತ್ತು ಹನಿ ಸಾಕು, ಕುದಿಸುವಾಗಲೇ ಹಾಕಿದರೆ ಒಲೆಯ ಮೇಲೆ ಉಕ್ಕುವುದೂ ನಿಲ್ಲುತ್ತದೆ. ಇದನ್ನು ಹಾಕಿದರೆ ಲೋಟದಲ್ಲಿ ನೊರೆ ನಿಲ್ಲದೇನೋ ಎಂದು ಅನುಮಾನಿಸುವವರಿದ್ದಾರೆ. ಅದು ಈಸ್ಟಿನ ಜೊತೆಗೆ ತಳಕ್ಕೆ ಇಳಿದುಬಿಡುತ್ತದೆ. ನೊರೆ ಕಟ್ಟುವ ಪ್ರೋಟೀನು ಬಕೆಟ್ಟಿನ ಗೋಡೆಗೆ ಅಂಟಿ ಒಣಗಿಹೋಗುವ ಬದಲು ಬಿಯರಿನಲ್ಲೇ ಉಳಿಯುವುದರಿಂದ ಲಾಭವೇ ಆಗುವುದೂ ಉಂಟು. ಪಾತ್ರೆ ಚಿಕ್ಕದಿದ್ದವರಿಗೆ ಇದು ಒಳ್ಳೆಯ ಉಪಾಯ. ಇದನ್ನು ನಂಬಿ ಕಂಠಮಟ್ಟ ತುಂಬಿಸುವವರನ್ನು ಮಾತ್ರ ನಾನು ತಡೆಯುತ್ತೇನೆ.

ಮೊದಲ ವಾರ ಕಳೆಯಿತು, ನೊರೆ ಇಳಿಯಿತು, ಏರ್‌ಲಾಕ್ ಹಾಕಿದ್ದಾಯಿತು ಎಂದಮೇಲೂ ಎರಡು ಕಡೆ ಎಚ್ಚರ ಬೇಕು. ಪರಿಮಳಕ್ಕೆಂದು ಹಾಪ್ಸ್ ಗುಳಿಗೆಗಳನ್ನು ಬಕೆಟ್ಟಿಗೆ ಸುರಿಯುವಾಗ ಬಿಯರಿನಲ್ಲಿ ಕರಗಿ ಕೂತಿದ್ದ ಅನಿಲ ಆ ಒರಟು ಪುಡಿಯನ್ನು ಆಸರೆ ಮಾಡಿಕೊಂಡು ಒಮ್ಮೆಗೇ ಬಿಡುಗಡೆಯಾಗುತ್ತದೆ. ಬಗ್ಗಿ ನೋಡುತ್ತ ನಿಂತವರ ಮುಖಕ್ಕೆ ಬಡಿಯುತ್ತದೆ. ಮೊದಲು ಒಂದು ಚಿಟಿಕೆ ಹಾಕಿ, ನೊರೆ ಎದ್ದು ಇಳಿಯಲು ಬಿಟ್ಟು, ಆಮೇಲೆ ಉಳಿದದ್ದು. ಮಾವಿನ ಹಣ್ಣಿನ ರಸ ಹಾಕುವ ಆಸೆ ನಮ್ಮವರಿಗೆ ಇದ್ದೇ ಇರುತ್ತದೆ. ಹೊಸ ಸಕ್ಕರೆ ಸಿಕ್ಕ ಈಸ್ಟ್ ಮತ್ತೆ ಏಳುತ್ತದೆ, ಹಣ್ಣಿನ ನಾರು ಏರ್‌ಲಾಕಿಗೆ ನುಗ್ಗುತ್ತದೆ. ಆಗ ಡ್ರಾಯರಿಗೆ ಹೋಗಬೇಕಾದ್ದು ಮತ್ತೆ ಏರ್‌ಲಾಕೇ, ಬರಬೇಕಾದ್ದು ದಪ್ಪ ಪೈಪು.

ಬಿಯರ್ ಇಟ್ಟ ಕೋಣೆಗೆ ಗಾಳಿ ಆಡಬೇಕು. ಬಟ್ಟೆಯ ಕಪಾಟಿನಂಥ ಕಿರುಕೋಣೆಯಲ್ಲಿ, ಹತ್ತು ಘನ ಮೀಟರಿನಷ್ಟು ಜಾಗದಲ್ಲಿ, ಆ 400 ಲೀಟರ್ ಅನಿಲ ಸೋರಿಹೋಗದೆ ಉಳಿದರೆ ಗಾಳಿಯ ನಾಲ್ಕು ಪರ್ಸೆಂಟ್ ಆಗುತ್ತದೆ. ಕೆಲಸದ ಜಾಗಗಳಲ್ಲಿ ಇಡೀ ದಿನಕ್ಕೆ ಒಪ್ಪುವ ಮಿತಿ ಅರ್ಧ ಪರ್ಸೆಂಟ್. ಈ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂರುತ್ತದೆ, ಬೆಕ್ಕು ನಾಯಿ ಮಲಗುವುದೂ ಅಲ್ಲೇ. ಬಾಗಿಲು ತೆರೆದಿಟ್ಟರೆ ಸಾಕು.

ಬಾಟಲಿಗೆ ತುಂಬುವ ಮುಂಚೆ ಏರ್‌ಲಾಕ್ ಸುಮ್ಮನಿದೆ ಎಂಬುದನ್ನು ಸಾಕ್ಷಿಯಾಗಿ ಹಿಡಿಯಬೇಡಿ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟು ನೋಡಿ. 1.050ರಲ್ಲಿ ಶುರುವಾದದ್ದು 1.010ರ ಆಸುಪಾಸಿಗೆ ಇಳಿದು, ಮೂರು ದಿನ ಅಲ್ಲೇ ನಿಂತಿರಬೇಕು. ಆಮೇಲಷ್ಟೇ ಲೀಟರಿಗೆ ಆರೇಳು ಗ್ರಾಂ ಸಕ್ಕರೆ ಬೆರೆಸಿ ಬಾಟಲಿ. ಉಳಿದ ಸಕ್ಕರೆಯ ಮೇಲೆ ಇದೂ ಸೇರಿದರೆ ಒಡೆಯುವುದು ಬಕೆಟ್ಟಿನ ಮುಚ್ಚಳವಲ್ಲ, ಕೈಯಲ್ಲಿ ಹಿಡಿದ ಗಾಜು. ಇನ್ನು ಖಾಲಿ ಬಕೆಟ್ಟಿನ ಅಂಚಿಗೆ ಕಂದು ಪಟ್ಟಿಯಾಗಿ ಒಣಗಿರುವ ನೊರೆಯನ್ನು ತಂತಿ ಬ್ರಶ್ಶಿನಿಂದ ಉಜ್ಜಬೇಡಿ, ಗೀರು ಬಿದ್ದ ಪ್ಲಾಸ್ಟಿಕ್ಕಿನಲ್ಲಿ ಬ್ಯಾಕ್ಟೀರಿಯ ಅಡಗಿ ಕೂರುತ್ತದೆ. ಬಿಸಿನೀರಿಗೆ ಸೋಡಿಯಂ ಪರ್ಕಾರ್ಬೊನೇಟ್ ಪುಡಿ ಹಾಕಿ ರಾತ್ರಿಯಿಡೀ ನೆನೆಯಬಿಟ್ಟರೆ ಬೆಳಿಗ್ಗೆ ಒದ್ದೆ ಬಟ್ಟೆಗೇ ಬಿಟ್ಟು ಬರುತ್ತದೆ.